ದಾದಿಯರ ತರಬೇತಿ: ಪುಸ್ತಕದ ಸಹಿ ಸಾಕೆ?

ನಮ್ಮ ಹೋಟೆಲಿನಲ್ಲಿ ಬಹುಕಾಲ ಗಲ್ಲೆಯ ಮೇಲಿದ್ದ ಹಿರಿಯರೊಬ್ಬರು ಮೊನ್ನೆ ಮಗಳೊಡನೆ ಕಾರ್ಯಾಲಯಕ್ಕೆ ಬಂದಿದ್ದರು. ಹುಡುಗಿ ನರ್ಸಿಂಗ್ ವ್ಯಾಸಂಗ ಮುಗಿಸಿ ನರ್ಸ್ ಹಾಗೂ ಸೂಲಗಿತ್ತಿ ಎಂಬ ಎರಡು ಬಿರುದುಗಳನ್ನೂ ಒಟ್ಟಿಗೆ ಪಡೆದ ಸಂತೋಷಕ್ಕೆ ಪೇಡೆ ತಂದಿದ್ದರು. “ಇನ್ನು ನೀನೊಬ್ಬಳೇ ಹೆರಿಗೆ ಮಾಡಿಸಬಲ್ಲೆಯಲ್ಲವೇ, ಮಗಾ?” ಎಂದು ನಾವು ವಿನೋದಕ್ಕೆ ಕೇಳಿದೆವು. ಅವಳು ತಂದೆಯ ಮುಖ ನೋಡಿ, ತಲೆ ತಗ್ಗಿಸಿ, “ಪುಸ್ತಕದಲ್ಲಿ ಇಪ್ಪತ್ತು ಬರೆದಿದೆ ಮಾಮ. ನನ್ನ ಕೈಯಿಂದ ಆದದ್ದು ಮೂರೇ. ಉಳಿದದ್ದನ್ನು ಗೋಡೆಗೆ ಒರಗಿ ನಿಂತು ನೋಡಿದೆ” ಎಂದಳು. ಪೇಡೆ ನಮ್ಮ ಕೈಯಲ್ಲೇ ಉಳಿಯಿತು.

ಅವಳು ಕಲಿತ ಶಾಲೆ ಯಾವುದು, ಆಸ್ಪತ್ರೆ ಯಾವುದು ಎಂಬುದು ಇಲ್ಲಿ ಅಪ್ರಸ್ತುತ. ದೊಡ್ಡ ಆಸ್ಪತ್ರೆಗಳ ಹೆರಿಗೆ ಕೋಣೆಯ ಸ್ಥಿತಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯೂ ಅಲ್ಲ. ಒಬ್ಬ ತಾಯಿಯ ಮಂಚದ ಸುತ್ತ ವೈದ್ಯ ವಿದ್ಯಾರ್ಥಿಗಳು, ಅವರ ಮೇಲಿನ ಕಿರಿಯ ವೈದ್ಯರು, ಪದವಿ ತರಗತಿಯ ನರ್ಸುಗಳು, ಡಿಪ್ಲೊಮಾ ತರಗತಿಯ ನರ್ಸುಗಳು ಎಲ್ಲರೂ ಕಲಿಯಲೆಂದು ನೆರೆದಿರುತ್ತಾರೆ. ಸರದಿಯ ಕೊನೆಯಲ್ಲಿರುವವಳಿಗೆ ಗೋಡೆಯೇ ಗತಿ. ಅವಳ ಕೈಗೆ ಬರುವುದು ಬಟ್ಟೆಗಳ ಎಣಿಕೆ, ಕಾಗದಪತ್ರಗಳ ಓಡಾಟ. ಕಲಿಸಬೇಕಾದ ಹಿರಿಯ ಸಿಸ್ಟರಿಗೆ ತನ್ನ ಪಾಲಿನ ರೋಗಿಗಳನ್ನು ನೋಡಿಕೊಳ್ಳುವುದಕ್ಕೇ ಹೊತ್ತು ಸಾಲದು. ಕೊನೆಗೆ ಅವಧಿ ತುಂಬುತ್ತದೆ, ಸಹಿ ಬೀಳುತ್ತದೆ.

ಹೋಟೆಲಿನಲ್ಲಿ ದುಡಿಯುವ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಪ್ಪು ಬಸಿ ತೊಳೆಯಲು ನಿಂತ ಹುಡುಗ ಹತ್ತು ವರ್ಷ ಅದನ್ನೇ ತೊಳೆಯುತ್ತಿದ್ದರೆ ಭಟ್ಟರಾಗುವುದಿಲ್ಲ. ಯಾವನೋ ಒಬ್ಬ ಭಟ್ಟರು ಒಂದು ಮಧ್ಯಾಹ್ನ ಗಿರಾಕಿ ಕಡಿಮೆಯಿರುವಾಗ ಸೌಟನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಬೇಕು. ಮೊದಲ ದೋಸೆ ಕಾವಲಿಗೆ ಅಂಟೀತು, ಎರಡನೆಯದು ಹರಿದೀತು, ಮೂರನೆಯದನ್ನು ಗಿರಾಕಿಗೆ ಕೊಡಬಹುದು. ಹೆರಿಗೆಯಲ್ಲಿ ಅಂಟುವುದಕ್ಕೂ ಹರಿಯುವುದಕ್ಕೂ ಅವಕಾಶವಿಲ್ಲವಷ್ಟೆ. ಆದುದರಿಂದಲೇ ಪಕ್ಕದಲ್ಲಿ ನಿಲ್ಲುವ ಗುರು ಅಲ್ಲಿ ನೂರು ಪಾಲು ಹೆಚ್ಚು ಅಗತ್ಯ.

ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯ ಜೊತೆಯಲ್ಲಿ ನಿಂತು ಆ ವಿದ್ಯೆಯನ್ನು ಕಲಿತು, ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹಳೆಯ ಪದ್ಧತಿಗೇ ಮರಳೋಣವೆಂದು ನಾವು ಹೇಳುತ್ತಿಲ್ಲ. ಆ ಕಾಲದಲ್ಲಿ ಎಷ್ಟು ತಾಯಂದಿರು ನಂಜಿನಿಂದಲೂ ರಕ್ತಸ್ರಾವದಿಂದಲೂ ಸತ್ತರೆಂಬುದನ್ನು ಮರೆಯಲಾಗದು. ಆದರೆ ಅಜ್ಜಿಯ ಪಕ್ಕದಲ್ಲಿ ನಿಂತ ಆ ಹುಡುಗಿಗೆ ಸಿಕ್ಕ ಗುರು, ಇಂದಿನ ಆಸ್ಪತ್ರೆಯಲ್ಲಿ ನಮ್ಮ ಹುಡುಗಿಗೆ ಸಿಗಲಿಲ್ಲವೆಂಬುದು ಲಜ್ಜೆಯ ಸಂಗತಿ.

ನರಸಮ್ಮನವರು ತೀರಿಕೊಂಡ ಆ ತಿಂಗಳಲ್ಲೇ ಕೇಂದ್ರ ಸರಕಾರವು ಸೂಲಗಿತ್ತಿ ಸೇವೆಯ ಬಗ್ಗೆ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ನೋಂದಾಯಿತ ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ. ಅನಂತರ ಸರಕಾರಿ ಆಸ್ಪತ್ರೆಗಳಲ್ಲಿ ಅವರದೇ ಮೇಲ್ವಿಚಾರಣೆಯ ಪ್ರಸೂತಿ ಘಟಕಗಳು. ಕಲಿಸುವವರಿಗೂ ಮೊದಲು ತರಬೇತಿ ಕೊಡಬೇಕೆಂದು ಅದರಲ್ಲಿ ಹೇಳಿರುವುದು ನಮಗೆ ಅತ್ಯಂತ ಮೆಚ್ಚಿಕೆಯಾದ ಅಂಶ. ತಾನೇ ಹೆರಿಗೆ ಮಾಡಿಸದವಳು ಇನ್ನೊಬ್ಬಳಿಗೆ ಏನನ್ನು ಕಲಿಸಿಯಾಳು? ತೆಲಂಗಾಣವು ಇದಕ್ಕೂ ಮುಂಚೆ, 2017ರಲ್ಲೇ, ಹೈದರಾಬಾದಿನ ಫರ್ನಾಂಡೀಸ್ ಸಂಸ್ಥೆಯ ನೆರವಿನಿಂದ ಈ ಕಾರ್ಯಕ್ಕೆ ಕೈಹಚ್ಚಿತ್ತು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿನಿಯು ಸಾಮಾನ್ಯವಾಗಿ 40 ಹೆರಿಗೆಗಳನ್ನು ಸ್ವಹಸ್ತದಿಂದ ಮಾಡಿಸಿರಬೇಕೆಂಬ ನಿಯಮವುಂಟು. ಅಂಕೆಯಲ್ಲಿ ನಾವೂ ಬಹಳ ಹಿಂದಿಲ್ಲ. ನಮ್ಮ ಕೊರತೆಯಿರುವುದು ‘ಸ್ವಹಸ್ತ’ ಎಂಬ ಮಾತಿನಲ್ಲಿ.

ಬೀದಿಗೊಬ್ಬ ಡಾಕ್ಟರಿರುವ ಮುಂಬಯಿಯಲ್ಲಿ ಸೂಲಗಿತ್ತಿಯ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ನೂರಕ್ಕೆ 25 ಹೆರಿಗೆಗಳೂ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆಗಳೂ ಶಸ್ತ್ರಕ್ರಿಯೆಯಿಂದಾದವು. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ಸುಮಾರು ಅರ್ಧದಷ್ಟು. ಶಸ್ತ್ರಕ್ರಿಯೆ ಬೇಕಾದವಳಿಗೆ ಅದು ಪ್ರಾಣರಕ್ಷಕವೇ ಹೌದು. ಆದರೆ ಆರೋಗ್ಯವಂತಳಾದ ತಾಯಿಗೆ ಬೇಕಾದುದು ರಾತ್ರಿಯಿಡೀ ಪಕ್ಕದಲ್ಲಿ ಕುಳಿತು ಕಾಯಬಲ್ಲ, ಯಾವ ಗಳಿಗೆಯಲ್ಲಿ ಡಾಕ್ಟರನ್ನು ಕರೆಯಬೇಕೆಂದು ತಿಳಿದ ಒಬ್ಬ ಹೆಂಗಸು. ಸ್ವತಂತ್ರ ವೃತ್ತಿ ಎಂದರೆ ಡಾಕ್ಟರನ್ನು ದೂರವಿಡುವುದಲ್ಲ. ಆ ಗಳಿಗೆಯನ್ನು ತಾನೇ ಗುರುತಿಸುವುದು. ಗೋಡೆಗೆ ಒರಗಿದವಳಿಗೆ ಅದು ಹೇಗೆ ತಿಳಿಯಬೇಕು?

ತರಬೇತಿ ಪಡೆದವಳನ್ನು ಮುಂದೆ ಎಲ್ಲಿ ನಿಲ್ಲಿಸುತ್ತಾರೆಂಬುದೂ ಇಷ್ಟೇ ಮುಖ್ಯ. ವರ್ಗಾವಣೆಯ ಸರದಿಯಲ್ಲಿ ಅವಳನ್ನು ಕಣ್ಣಿನ ವಾರ್ಡಿಗೋ ಹೊರರೋಗಿ ವಿಭಾಗಕ್ಕೋ ಅಟ್ಟಿದರೆ ಕಲಿತ ಕೈ ಮರೆಯುತ್ತದೆ. 2023ರಲ್ಲಿ ಸಂಸತ್ತು ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಸೂಲಗಿತ್ತಿಯ ಹೆಸರು ಕಾಯಿದೆಯ ತಲೆಬರಹವನ್ನೇನೋ ಏರಿತು. ಹುದ್ದೆಯ ಪಟ್ಟಿಯಲ್ಲೂ ಅದು ಬರಬೇಕು.

ಶಿವಮೊಗ್ಗದಲ್ಲಿ ಹುಟ್ಟಿ ಈ ನಗರದ ಕಾಮಾ ಆಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ಡಾಕ್ಟರ್ ಜೆರೂಷಾ ಝಿರಾಡ್ ಅವರು ಮುಂಬಯಿಯ ತಾಯಂದಿರು ಏಕೆ ಸಾಯುತ್ತಾರೆಂದು ವಿಚಾರಣೆ ನಡೆಸಿ, ವರದಿಯನ್ನು ಒಪ್ಪಿಸಿದರು. ಅದು 1941ರಲ್ಲಿ ಪ್ರಕಟವಾಯಿತು. ಸತ್ತವರ ಲೆಕ್ಕವನ್ನು ಅಷ್ಟು ನಿಷ್ಠುರವಾಗಿ ಕೇಳಿದ ನಗರದಲ್ಲಿ ಇಂದು ನರ್ಸಿಂಗ್ ಶಾಲೆಗಳ ಸಹಿಯ ಪುಸ್ತಕವನ್ನು ತೆರೆದು, ಇದರಲ್ಲಿ ಎಷ್ಟು ಕೈಯಿಂದ ಆದದ್ದು, ಎಷ್ಟು ಕಣ್ಣಿನಿಂದ ಎಂದು ಕೇಳುವವರು ಬೇಕಾಗಿದ್ದಾರೆ. ಎರಡಕ್ಕೂ ಬೇರೆಬೇರೆ ಅಂಕಣವಿರಲಿ, ಸುಳ್ಳಿಗೆ ಎಡೆಯಿರುವುದಿಲ್ಲ. ವಿದ್ಯಾರ್ಥಿನಿಯರೆಲ್ಲರನ್ನೂ ಒಂದೇ ದೊಡ್ಡ ಆಸ್ಪತ್ರೆಗೆ ತುಂಬದೆ ಮುನಿಸಿಪಾಲಿಟಿಯ ಉಪನಗರದ ಹೆರಿಗೆಮನೆಗಳಿಗೂ ಹಂಚಲಿ.

ಇನ್ನೊಂದು ಮಾತು ಉಳಿದಿದೆ. ಅದನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವೂ ಉಂಟು. ವಿದ್ಯಾರ್ಥಿನಿಯರು ಕಲಿಯುವುದು ಯಾರ ಹೆರಿಗೆಯಲ್ಲಿ? ಮಲಬಾರ್ ಹಿಲ್ಲಿನ ಶ್ರೀಮಂತರ ಹೆರಿಗೆಯಲ್ಲಲ್ಲ. ಹೆರಿಗೆಗೆ ಊರಿನ ತವರುಮನೆಗೆ ಹೋಗಲು ರಜೆಯೂ ರೈಲು ಟಿಕೆಟೂ ಸಿಗದೆ ಮುನಿಸಿಪಾಲಿಟಿ ಆಸ್ಪತ್ರೆಯ ಮಂಚವೇರುವ ನಿಮ್ಮ ನಮ್ಮ ಮನೆಯ ಹೆಂಗಸರ ಹೆರಿಗೆಯಲ್ಲಿ. ಅವರಲ್ಲಿ ಹಲವರಿಗೆ ಕನ್ನಡ ಅಥವಾ ತುಳುವಿನ ಹೊರತು ಬೇರೆ ಮಾತು ಬರುವುದಿಲ್ಲ. ಮೈ ಮುಟ್ಟುತ್ತಿರುವವರು ಯಾರೆಂಬುದೂ ಗೊತ್ತಾಗುವುದಿಲ್ಲ. ಈ ಹುಡುಗಿ ಕಲಿಯುತ್ತಿದ್ದಾಳೆ, ಗುರು ಪಕ್ಕದಲ್ಲಿದ್ದಾರೆ, ನಿಮ್ಮ ಒಪ್ಪಿಗೆಯಿದೆಯೇ ಎಂದು ತಾಯಿಯನ್ನು ಕೇಳುವುದು ಆಸ್ಪತ್ರೆಯ ಕರ್ತವ್ಯ. ಹಾಗೆ ಕೇಳಿದಾಗ ದಯವಿಟ್ಟು ಒಪ್ಪಿರೆಂದು ನಮ್ಮ ಸೋದರಿಯರಲ್ಲಿ ಬೇಡುತ್ತೇವೆ. ಕೇಳದೆ ಮುಟ್ಟಿದರೆ, ಗುರುವೆಲ್ಲಿ ಎಂದು ಗಟ್ಟಿಯಾಗಿ ಕೇಳಿರಿ; ಕನ್ನಡದಲ್ಲೇ ಕೇಳಿದರೂ ಆದೀತು.