ಗ್ರೀನ್ ಕಾರ್ಡಿಗಿಂತ ಸ್ಟಡಿ ಸರ್ಟಿಫಿಕೇಟು

ಕೆನಡಾ ಪಿಆರ್‌ಗೆ ಎಷ್ಟು ಪಾಯಿಂಟು ಅಂತ ನಮ್ಮ ಹುಡುಗರಿಗೆ ಬಾಯಿಪಾಠ. (47 ದಾಟಿದರೆ ವಯಸ್ಸಿನ ಬಾಬ್ತಿನಲ್ಲಿ ಸೊನ್ನೆ, ನನ್ನ ಕಥೆ ಮುಗೀತು!) ಇಬ್ರಾಹಿಂಪಟ್ನಂಗೆ ಬರೋಕೆ ವೀಸಾ ಬೇಡ, ನಿಜ. ಆದರೆ ಮಕ್ಕಳು ಇಲ್ಲಿ 'ಲೋಕಲ್' ಆಗಬೇಕು ಸ್ವಾಮಿ. 371-ಡಿ ವಿಧಿಯಡಿ ಬಂದ 1974ರ ರಾಷ್ಟ್ರಪತಿ ಆದೇಶದಂತೆ ಇಂಜಿನಿಯರಿಂಗ್ ಕನ್ವೀನರ್ ಸೀಟುಗಳಲ್ಲಿ 85% ಲೋಕಲ್‌ನವರಿಗೆ. ಇಂಟರ್ ಮುಗಿಯೋವರೆಗಿನ ನಾಲ್ಕು ವರ್ಷ ಸತತವಾಗಿ ಇಲ್ಲೇ ಓದಿರಬೇಕು, ಅಂದ್ರೆ ಒಂಬತ್ತನೇ ಕ್ಲಾಸಿನಿಂದ. ಅಪ್ಪ ಕಟ್ಟಿಸಿದ ಮನೆ ಈ ಲೆಕ್ಕಕ್ಕೆ ಬರೋದಿಲ್ಲ. ನನಗಂತೂ ಇದು ನ್ಯಾಯವೇ ಅನ್ನಿಸುತ್ತೆ. ತೊಂದರೆ ಇರೋದು ನಮ್ಮ ಅರೆಮನಸ್ಸಿನಲ್ಲಿ. ಪಿಯುಸಿಗೆ ಅಂತ ಮಗಳನ್ನು ಊರಿಗೆ ಕಳಿಸಿದರೆ ಇಲ್ಲಿನ ಲೋಕಲ್ ಹೋಯ್ತು. ಅಪ್ಪನೋ ಅಮ್ಮನೋ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಅವಳು ಪಿಯುಸಿ ಎರಡೂ ವರ್ಷ ಅಲ್ಲೇ ಓದಿ ಪಾಸಾದರೆ ಕೆಇಎ ಸೀಟಿಗೆ ಅರ್ಹಳು. ಎರಡರಲ್ಲಿ ಯಾವುದು ಅನ್ನೋದನ್ನ ಎಂಟನೇ ಕ್ಲಾಸ್ ಮುಗಿಯೋದ್ರೊಳಗೆ ಮನೆಯಲ್ಲಿ ಕೂತು ತೀರ್ಮಾನಿಸಿ.