‘ಅಂದಾರೆ’ಯ ವ್ಯುತ್ಪತ್ತಿ

ಇಟಾಲಿಯನ್ ಭಾಷೆಯಲ್ಲಿ ‘ಹೋಗು’ ಎಂಬರ್ಥದ ‘ಅಂದಾರೆ’ ಎಂಬ ಕ್ರಿಯಾಪದವು ನಮ್ಮ ‘ಅಟತಿ’ಯಿಂದಲೇ ಹುಟ್ಟಿತೆಂದು ಮೊನ್ನೆ ಒಂದು ಗೋಷ್ಠಿಯಲ್ಲಿ ಮಿತ್ರರೊಬ್ಬರು ಪ್ರತಿಪಾದಿಸಿದರು, ಸಭೆಯು ಕರತಾಡನ ಮಾಡಿತು. ಉಭಯತ್ರ ಅಕಾರವಿದೆ, ಅರ್ಥವೂ ಸಂಚಾರವೇ, ಇನ್ನೇನು ಬೇಕೆಂಬುದು ಅವರ ವಾದ. ಹಾಗಾದರೆ ಸಂಸ್ಕೃತದವರೆಗೆ ನಡೆಯುವ ಶ್ರಮವಾದರೂ ಏಕೆ? ಕನ್ನಡದ ‘ಅಂಡಲೆ’ ಇನ್ನೂ ಸಮೀಪದಲ್ಲಿದೆಯಷ್ಟೆ!

ನಿರುಕ್ತವು ಕಿವಿಯ ವಿಲಾಸವಲ್ಲ. ‘ಪೋಗು’ ಎಂಬುದು ‘ಹೋಗು’ ಆಯಿತೆಂದು ನಾವು ಒಪ್ಪುವುದು ಅವು ಕೇಳುವುದಕ್ಕೆ ಒಂದೇ ತೆರನಾಗಿವೆ ಎಂದಲ್ಲ. ಪಾಲು ಹಾಲಾಗಿ, ಪೆಸರು ಹೆಸರಾಗಿ, ಪೂ ಹೂವಾಗಿ ಒಂದೇ ನಿಯಮವು ಸಾಲುಸಾಲು ಶಬ್ದಗಳಲ್ಲಿ ನಡೆದಿರುವುದರಿಂದ. ಗ್ರೀಕರ ‘ಥೆಓಸ್’, ರೋಮನರ ‘ದೇಉಸ್’ ಎರಡಕ್ಕೂ ದೇವರೆಂದೇ ಅರ್ಥ. ಆದರೂ ‘ದೇಉಸ್’ ನಮ್ಮ ‘ದೇವ’ಶಬ್ದದ ಬಂಧು, ‘ಥೆಓಸ್’ ಅಲ್ಲ, ನಿಯಮವು ಒಪ್ಪುವುದಿಲ್ಲ.

‘ಅಂದಾರೆ’ಯ ಮೂಲವು ಯೂರೋಪಿನ ಪಂಡಿತರಲ್ಲಿಯೇ ವಿವಾದಾಸ್ಪದ. ‘ನಡೆದಾಡು’ ಎಂಬರ್ಥದ ಲ್ಯಾಟಿನ್ ‘ಅಂಬುಲಾರೆ’ಯಿಂದ ಎನ್ನುವವರುಂಟು, ಆದರೆ ಲಕಾರವು ದಕಾರವಾದುದನ್ನು ನಿಯಮದಿಂದ ಸಾಧಿಸುವುದು ಕಷ್ಟ. ‘ಸುತ್ತಿಬರು’ ಎಂಬರ್ಥದ ‘ಅಂಬೀರೆ’ಗೆ ಪೌನಃಪುನ್ಯಸೂಚಕವಾದ ‘ಅಂಬಿತಾರೆ’ ಎಂಬ ರೂಪವು ಆಡುಮಾತಿನಲ್ಲಿದ್ದಿರಬೇಕೆಂದೂ, ಅದರಲ್ಲಿ ಇಕಾರ ಲೋಪಿಸಿ, ಬಕಾರ ಅಡಗಿ, ತಕಾರ ದಕಾರವಾಯಿತೆಂದೂ ಇನ್ನು ಕೆಲವರು ಊಹಿಸುತ್ತಾರೆ. ಇದು ನಿಜವಾದರೆ ಒಂದು ವಿನೋದವುಂಟು. ‘ಅಂಬೀರೆ’ಯ ಪೂರ್ವಭಾಗವು ನಮ್ಮ ‘ಅಭಿತಃ’ ಶಬ್ದದ ಜ್ಞಾತಿ. ಉತ್ತರಭಾಗವಾದ ‘ಈರೆ’ಯು ‘ಏತಿ’ ಎಂಬಲ್ಲಿಯ ಇಣ್ ಧಾತುವಿನ ಜ್ಞಾತಿ. ಮಿತ್ರರು ಬಯಸಿದ ಬಾಂಧವ್ಯವು ಹೀಗೆ ದೊರೆತೀತು. ಆದರೆ ‘ಅಟತಿ’ಯ ಮನೆಯಲ್ಲಲ್ಲ, ತಾಯಿಮಕ್ಕಳೆಂಬ ಸಂಬಂಧದಿಂದಲೂ ಅಲ್ಲ. ಅವು ಸೋದರಿಯರು.

ನಿಜವಾಗಿ ವೈಯಾಕರಣರಿಗೆ ರುಚಿಸಬೇಕಾದ ವಿಷಯ ಬೇರೆಯೇ ಇದೆ. ಇಟಲಿಯವನು ‘ಹೋಗುತ್ತೇನೆ’ ಎನ್ನಲು ‘ವಾದೊ’ ಎನ್ನುತ್ತಾನೆ. ‘ಹೋಗುತ್ತೇವೆ’ ಎನ್ನಲು ‘ಅಂದ್ಯಾಮೊ’. ಮೊದಲನೆಯದು ಲ್ಯಾಟಿನ್ ‘ವಾದೆರೆ’ಯ ಸಂತಾನ. ಒಂದೇ ಕ್ರಿಯೆಗೆ ಎರಡು ಧಾತುಗಳು! ಪಾಣಿನಿಯನ್ನು ಓದಿದವರಿಗೆ ಇದು ಅಚ್ಚರಿಯಲ್ಲ: ಇಣ್ ಧಾತುವಿಗೆ ಲುಙ್ ಲಕಾರದಲ್ಲಿ ‘ಗಾ’ ಆದೇಶ, ವರ್ತಮಾನದಲ್ಲಿ ‘ಏತಿ’, ಭೂತದಲ್ಲಿ ‘ಅಗಾತ್’. ಇದನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ.

ಇಷ್ಟು ಕಟುವಾಗಿ ಬರೆಯಲು ನನಗೆ ಅಧಿಕಾರವಿದೆಯೆ? ‘ಕೊಡು’ ಎಂಬರ್ಥದ ಇಟಾಲಿಯನ್ ‘ದಾರೆ’ಯು ಸಂಸ್ಕೃತದ ‘ದಾ’ ಧಾತುವಿನಿಂದ ಹೋಯಿತೆಂದು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿದವನು ನಾನೇ. ಎರಡಕ್ಕೂ ಮೂಲಭಾಷೆಯೊಂದಿತ್ತು, ಅದು ಈಗ ಉಳಿದಿಲ್ಲದಿರಬಹುದು ಎಂಬ ಸೂಚನೆಯನ್ನು ವಿಲಿಯಂ ಜೋನ್ಸರು 1786ರಲ್ಲಿಯೇ ಕಲ್ಕತ್ತೆಯಲ್ಲಿ ಕೊಟ್ಟಿದ್ದರು. ನಾನು ಅದನ್ನು ಓದಿದ್ದು ನಿವೃತ್ತನಾದ ಮೇಲೆ. ಮೊನ್ನೆ ಮುಂದಿನ ಸಾಲಿನಲ್ಲಿ ಕುಳಿತು ಕರತಾಡನ ಮಾಡಿದವರಲ್ಲಿ ಇಬ್ಬರು ನನ್ನ ಶಿಷ್ಯರು, ಈಗ ಉಪಾಧ್ಯಾಯರು.