ಬಸವನಗುಡಿಯ ಮಣ್ಣು ಮೇಕೆದಾಟಿನ ಬಾಗಿಲಿಗೆ

ಮುಂಗಾರಿಗೆ ಮುನ್ನ ರಾಜಕಾಲುವೆಗಳ ಹೂಳೆತ್ತುವುದು, ಮಳೆ ಬಿದ್ದ ಮೇಲೆ ಕುಸಿದ ತಡೆಗೋಡೆಯ ಜಾಗದಲ್ಲಿ ಹೊಸ ಗೋಡೆ ಕಟ್ಟುವುದು ಬೆಂಗಳೂರಿನ ಆಡಳಿತಕ್ಕೆ ವಾರ್ಷಿಕ ವ್ರತದಂತಾಗಿದೆ. ಪಾಲಿಕೆ ಒಂದೇ ಇದ್ದಾಗ ನಡೆದುಬಂದ ಈ ಪದ್ಧತಿ, 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಗೆ ಬಂದ ಮೇಲೂ ಬದಲಾಗಿಲ್ಲ. ಈ ವರ್ಷ ತೆಗೆದ ಹೂಳು ಮರುವರ್ಷ ಅದೇ ತಿರುವಿನಲ್ಲಿ ಏಕೆ ಬಂದು ಕೂರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೆಸರು ರಾಜಕಾಲುವೆಯಾದರೂ ಅಲ್ಲಿ ಹರಿಯುತ್ತಿರುವುದು ವೃಷಭಾವತಿ. ನೆಲವನ್ನು ಕೊರೆಯುವ, ಕೊರೆದದ್ದನ್ನು ಹೊತ್ತೊಯ್ಯುವ, ವೇಗ ತಗ್ಗಿದಲ್ಲಿ ಇಳಿಸುವ ತನ್ನ ಕೆಲಸವನ್ನು ನದಿ ಬಿಟ್ಟಿಲ್ಲ.

ದೊಡ್ಡ ಬಸವನ ಪದತಲದಲ್ಲಿ ಈ ನದಿ ಹುಟ್ಟುತ್ತದೆ ಎಂಬುದು ಬಸವನಗುಡಿಯ ನಂಬಿಕೆ. ಮಲ್ಲೇಶ್ವರದ ಕಡೆಯ ಇಳಿಜಾರುಗಳ ನೀರೂ ಇದೇ ಕಣಿವೆಗೆ ಸೇರುತ್ತದೆ. ಹಳೆಯ ಬೆಂಗಳೂರು ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏರುನೆಲದ ಮೇಲೆ. ಇಲ್ಲಿಂದ ಪೂರ್ವಕ್ಕೆ ಜಾರಿದ ಹನಿ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಜಾರಿದ ಹನಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಕಾವೇರಿಯ ಸಂಗಮಕ್ಕೆ ಬರುವಷ್ಟರಲ್ಲಿ ಈ ನೀರು ಸುಮಾರು 500 ಮೀಟರ್ ಕೆಳಗಿಳಿದಿರುತ್ತದೆ. ಬ್ಯೂಗಲ್ ರಾಕ್‌ನಲ್ಲಿ ಇಂದಿಗೂ ತಲೆಯೆತ್ತಿರುವ ಬಂಡೆ, ಲಾಲ್‌ಬಾಗ್ ಗುಡ್ಡದಂತೆಯೇ, 300 ಕೋಟಿ ವರ್ಷಗಳಷ್ಟು ಪುರಾತನವಾದ ನೈಸ್ ಶಿಲೆ. ಬಿಸಿಲು ಮಳೆಗಳಿಗೆ ಆ ಶಿಲೆ ಶಿಥಿಲವಾಗಿ ಕೆಂಪು ಮಣ್ಣೂ ಮರಳೂ ಆಯಿತು. ಸಡಿಲವಾದದ್ದನ್ನು ಹಳ್ಳಗಳು ಹೊತ್ತೊಯ್ದುದರಿಂದ ಕಣಿವೆ ರೂಪುಗೊಂಡಿತು. ಗಟ್ಟಿ ಬಂಡೆ ಮಾತ್ರ ಗುಡ್ಡವಾಗಿ ಉಳಿಯಿತು.

ಹಿಂದಿನವರು ಈ ಸಂಗತಿಯನ್ನು ಅರಿತು ಕೆರೆ ಕಟ್ಟಿದ್ದರು. 16ನೇ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನಲಾದ, ಚಾಮರಾಜಪೇಟೆಗೆ ಸಮೀಪದ ಕೆಂಪಾಂಬುಧಿ ಕೆರೆ ಇದೇ ಕಣಿವೆಯದು. ಕೆರೆಗೆ ಬಂದ ನೀರಿನ ಓಟ ನಿಲ್ಲುತ್ತಿತ್ತು, ಮಣ್ಣು ತಳ ಸೇರುತ್ತಿತ್ತು, ಕೋಡಿಯಲ್ಲಿ ಹೊರಟ ನೀರಿಗೆ ಕೊರೆಯುವ ಕಸುವು ಕಡಿಮೆಯಾಗಿರುತ್ತಿತ್ತು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ನಾಡಿನಾದ್ಯಂತ ಇದ್ದ ರೂಢಿ. ಹೂಳೆತ್ತಲು ಆಗ ಟೆಂಡರ್ ಬೇಕಿರಲಿಲ್ಲ.

ಈಗಿನ ಕ್ರಮ ಇದಕ್ಕೆ ತದ್ವಿರುದ್ಧ. ರಸ್ತೆ, ಚಾವಣಿಗಳ ಮೇಲೆ ಬಿದ್ದ ಮಳೆ ನೆಲಕ್ಕಿಳಿಯದೆ ನಿಮಿಷಗಳಲ್ಲಿ ಕಾಲುವೆ ಸೇರುತ್ತದೆ. ಕಾಲುವೆಯ ಎರಡೂ ಬದಿಗೆ ಕಾಂಕ್ರೀಟ್ ಗೋಡೆ. ನುಣುಪಾದ, ನೇರವಾದ, ಇಕ್ಕಟ್ಟಾದ ಪಾತ್ರದಲ್ಲಿ ನೀರಿನ ವೇಗ ಏರುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆಂಬುದು ಭೂವಿಜ್ಞಾನದ ಹಳೆಯ ಲೆಕ್ಕ. ಕಾಂಕ್ರೀಟ್ ಹಾಸಿದ ಕಡೆ ಕೊರೆಯಲು ಏನೂ ಸಿಗದ ನೀರು, ಗೋಡೆ ಮುಗಿಯುವ ಜಾಗ, ತಿರುವಿನ ಹೊರಬದಿ, ಸೇತುವೆಯ ಬುಡಗಳಿಗೆ ಕೈಹಾಕುತ್ತದೆ. 2017ರ ಅಕ್ಟೋಬರ್‌ನಲ್ಲಿ ಕುರುಬರಹಳ್ಳಿ ಬಳಿ ಉಕ್ಕಿದ ರಾಜಕಾಲುವೆ ಜನರನ್ನೇ ಸೆಳೆದೊಯ್ದದ್ದು, 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದ ಮನೆಗಳಿಗೆ ಪ್ರವಾಹ ನುಗ್ಗಿದ್ದು ಇದೇ ಕಣಿವೆಯಲ್ಲಿ. ಅಂತಹ ಪ್ರತಿ ಅನಾಹುತದ ನಂತರವೂ ಗೋಡೆಯನ್ನು ಇನ್ನಷ್ಟು ಎತ್ತರಿಸುವ ಭರವಸೆ ಕೇಳಿಬರುತ್ತದೆ. ಗೋಡೆ ಎತ್ತರಿಸಿದರೆ ಆಪತ್ತು ಮುಂದಿನ ಬಡಾವಣೆಗೆ ದಾಟುತ್ತದೆ, ಅಷ್ಟೆ.

ಹೊತ್ತದ್ದನ್ನು ನದಿ ಎಲ್ಲಿಯಾದರೂ ಇಳಿಸಲೇಬೇಕು. ಬಿಡದಿ ಸಮೀಪದ ಬೈರಮಂಗಲ ಕೆರೆ ದಶಕಗಳಿಂದ ಆ ಭಾರ ಹೊರುತ್ತಿದೆ. ಅಲ್ಲಿಗೆ ತಲುಪುವುದು ಬರಿಯ ಕೆಂಪು ಮಣ್ಣಲ್ಲ. ಮನೆಗಳ ಕೊಳಚೆ, ಪೀಣ್ಯ ಮುಂತಾದೆಡೆಯ ಕಾರ್ಖಾನೆಗಳ ತ್ಯಾಜ್ಯ, ನೊರೆ ಎಲ್ಲವೂ ಸೇರಿರುತ್ತವೆ. ಭಾರಲೋಹಗಳು ನುಣ್ಣನೆಯ ಜೇಡಿಯ ಕಣಗಳಿಗೆ ಅಂಟಿಕೊಂಡು ಪ್ರಯಾಣಿಸುತ್ತವೆ. ಜೇಡಿ ಎಲ್ಲಿ ತಳ ಸೇರುವುದೋ ಅಲ್ಲಿಯೇ ವಿಷವೂ ಶೇಖರವಾಗುತ್ತದೆ. ಒಂದು ಕಾಲದಲ್ಲಿ ಹೊಲಕ್ಕೆ ಗೊಬ್ಬರವಾಗಿದ್ದ ಕೆರೆಗೋಡು ಇಲ್ಲಿ ರೈತ ಮುಟ್ಟಲು ಹಿಂಜರಿಯುವ ವಸ್ತುವಾಗಿದೆ. ತೇಲುವ ನೊರೆಯ ಚಿತ್ರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ, ತಳದ ಕೆಸರಿನ ಚಿತ್ರ ಯಾರಿಗೂ ಸಿಗುವುದಿಲ್ಲ. ಅಪಾಯ ಹೆಚ್ಚಿರುವುದು ಕೆಸರಿನಲ್ಲಿಯೇ.

ಬೈರಮಂಗಲ ದಾಟಿದ ನೀರು ಅರ್ಕಾವತಿಯಲ್ಲಿ ಬೆರೆತು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗೆ, ಮರಳು ಕಲ್ಲುಗಳನ್ನೇ ಉಳಿಯಾಗಿಸಿಕೊಂಡು ಕಾವೇರಿ ಬಂಡೆ ಕೊರೆದಿರುವ ಇಕ್ಕಟ್ಟಾದ ಕಮರಿಯೇ ಮೇಕೆದಾಟು. ರಾಜ್ಯ ಸರ್ಕಾರ ಸುಮಾರು 67 ಟಿಎಂಸಿ ಸಾಮರ್ಥ್ಯದ ಅಣೆಕಟ್ಟು ಉದ್ದೇಶಿಸಿರುವುದು, ಅದರಿಂದ 4.75 ಟಿಎಂಸಿ ಕುಡಿಯುವ ನೀರನ್ನು ಬೆಂಗಳೂರು ಮತ್ತು ಸುತ್ತಲಿನ ಪ್ರದೇಶಕ್ಕೆ ತರಲು ಯೋಚಿಸಿರುವುದು ಇಲ್ಲಿಯೇ. ಯೋಜನೆಯ ವಿರುದ್ಧ ತಮಿಳುನಾಡು ಸಲ್ಲಿಸಿದ್ದ ಅರ್ಜಿ ಅಕಾಲಿಕವೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಉತ್ಸಾಹ ಹೆಚ್ಚಿದೆ. ಚರ್ಚೆಯೆಲ್ಲ ಟಿಎಂಸಿ ಲೆಕ್ಕದಲ್ಲಿಯೇ ಸಾಗಿದೆ. ಅಣೆಕಟ್ಟೆಂದರೆ ನದಿಯ ವೇಗವನ್ನು ತಡೆಯುವ ಜಾಗ, ಆದ್ದರಿಂದ ಹೊರೆ ಇಳಿಯುವ ಜಾಗವೂ ಹೌದು. ಅರ್ಕಾವತಿ ತರುವ ಬೆಂಗಳೂರಿನ ಕೆಸರು ಇನ್ನು ಮುಂದೆ ಕೆಳಗಿನ ಮೆಟ್ಟೂರಿನತ್ತ ಸಾಗುವ ಬದಲು ಬೆಂಗಳೂರಿಗೆಂದೇ ಶೇಖರಿಸಿದ ಕುಡಿಯುವ ನೀರಿನ ತಳದಲ್ಲಿ ಕೂರಲಿದೆ.

ಆದ್ದರಿಂದ ವೃಷಭಾವತಿಯ ಶುದ್ಧೀಕರಣವನ್ನು ನಗರ ಸೌಂದರ್ಯದ ವಿಷಯವೆಂದು ಬದಿಗಿಡುವಂತಿಲ್ಲ. ಕೊಳಚೆಯನ್ನು ಮೂಲದಲ್ಲಿಯೇ ತಡೆಯುವುದರ ಜೊತೆಗೆ, ಉಳಿದಿರುವ ಕೆರೆಗಳ ಒಳಹರಿವಿನಲ್ಲಿ ಹೂಳು ಹಿಡಿಯುವ ಗುಂಡಿಗಳು, ನದಿಯ ಪಕ್ಕದಲ್ಲಿ ನೀರು ಹರಡಿಕೊಳ್ಳಲು ಒಂದಿಷ್ಟು ತೆರೆದ ನೆಲ ಬೇಕು. ಕಣಿವೆ ಒಂದಕ್ಕಿಂತ ಹೆಚ್ಚು ಪಾಲಿಕೆಗಳಲ್ಲಿ ಹಂಚಿಹೋಗಿರುವುದರಿಂದ ಈ ಹೊಣೆ ಪ್ರಾಧಿಕಾರದ್ದೇ. ಎತ್ತಿದ ಹೂಳನ್ನು ದಂಡೆಯ ಮೇಲೆಯೇ ರಾಶಿ ಹಾಕುವ ಅಭ್ಯಾಸವನ್ನಂತೂ ನಾಳೆಯಿಂದಲೇ ನಿಲ್ಲಿಸಬಹುದು. ಮೊದಲ ಮಳೆಗೇ ಅದು ಮತ್ತೆ ಕಾಲುವೆಗೆ ಇಳಿಯುತ್ತದೆ.